ಹಾಸಿಗೆ, ಊಟ ಮತ್ತು ಚೇಂಜಪ್

ಅಮೆರಿಕದ ಬೇಸ್‌ಬಾಲ್‌ನ ಕೆಳಹಂತಗಳಲ್ಲಿ ಒಂದಾದ ಕೆರೊಲಿನಾ ಲೀಗ್‌ನ ಒಂದು ತಂಡದಲ್ಲಿ ವಿಡಿಯೊ ಮತ್ತು ಅಂಕಿಅಂಶದ ಕೆಲಸಕ್ಕೆ ಸೇರಿದ ವಾರ ಪಿಚಿಂಗ್ ಕೋಚ್, ಅಂದರೆ ಚೆಂಡು ಎಸೆಯುವ ಪಿಚರ್‌ಗಳನ್ನು ತಯಾರು ಮಾಡುವವರು, ನನಗೆ ಹೇಳಿದ್ದು ಒಂದೇ ಮಾತು. ರಾತ್ರಿ ಕಳಿಸುವ ವರದಿಯಲ್ಲಿ ಯಾರು ಗೆದ್ದರು ಅಂತ ಬರೆಯಬೇಡಿ, ಯಾವ ಹುಡುಗ ಏನನ್ನು ಮಾಡಿ ನೋಡಿದ, ಅದು ಹೇಗೆ ಬಂತು ಅಂತ ಬರೆಯಿರಿ. ಗೆಲುವು ಸೋಲು ಮರುದಿನದ ಪತ್ರಿಕೆಯಲ್ಲಿ ಹೇಗೂ ಬರುತ್ತದೆ.

ನಾನು ಹಾಸನದವಳು. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ನಾರ್ತ್ ಕೆರೊಲಿನಾದಲ್ಲಿ ಎಂ.ಎಸ್. ಮುಗಿಸಿದ್ದೆ. 2020ರಲ್ಲಿ ಕೋವಿಡ್‌ನಿಂದಾಗಿ ಮೈನರ್ ಲೀಗ್‌ಗಳು, ಅಂದರೆ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್‌ನ ಕೆಳಗಿನ ಲೀಗ್‌ಗಳು, ಇಡೀ ವರ್ಷ ನಡೆಯಲಿಲ್ಲ. 2021ರ ಮೇ ತಿಂಗಳಲ್ಲಿ ಆಟ ಮತ್ತೆ ಶುರುವಾದಾಗ ಒಂದು ಮೇಜರ್ ಲೀಗ್ ಕ್ಲಬ್ಬು ತನ್ನ ಕೆಳಹಂತದ ತಂಡಕ್ಕೆ ಜನ ಹುಡುಕುತ್ತಿತ್ತು. ಕ್ರಿಕೆಟ್ ನೋಡಿ ಬೆಳೆದ ಮನೆ ನಮ್ಮದು. ಚೆಂಡು ಎಸೆಯುವವನ ಮಣಿಕಟ್ಟನ್ನು ನೋಡುವ ಅಭ್ಯಾಸ ಅಪ್ಪನಿಂದಲೇ ಬಂದಿತ್ತು. ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು.

ವ್ಯವಸ್ಥೆ ಹೀಗಿದೆ. ಮೇಜರ್ ಲೀಗ್‌ನಲ್ಲಿ 30 ಕ್ಲಬ್ಬುಗಳು. ಪ್ರತಿಯೊಂದರ ಕೆಳಗೂ ಮೇಲಿನಿಂದ ಕೆಳಕ್ಕೆ ಟ್ರಿಪಲ್-ಎ, ಡಬಲ್-ಎ, ಹೈ-ಎ, ಸಿಂಗಲ್-ಎ ಎಂದು ನಾಲ್ಕು ತಂಡಗಳು, ಒಟ್ಟು 120. ನಮ್ಮದು ಸಿಂಗಲ್-ಎ. 2021ಕ್ಕೆ ಮುಂಚೆ ಇದಕ್ಕಿಂತ ಸುಮಾರು 40 ತಂಡಗಳು ಹೆಚ್ಚಿದ್ದವು. ಮೇಜರ್ ಲೀಗ್ ಎಲ್ಲವನ್ನೂ ತನ್ನ ಹಿಡಿತಕ್ಕೆ ತೆಗೆದುಕೊಂಡಾಗ ಅವು ಹೊರಬಿದ್ದವು. ಸಿಂಗಲ್-ಎ ಕೆಳಗೆ ಫ್ಲೋರಿಡಾ ಮತ್ತು ಅರಿಜೋನಾದ ತರಬೇತಿ ಕೇಂದ್ರಗಳಲ್ಲಿ ನಡೆಯುವ ಲೀಗ್‌ಗಳು, ಅದಕ್ಕೂ ಕೆಳಗೆ ಡೊಮಿನಿಕನ್ ಸಮ್ಮರ್ ಲೀಗ್. ನೂರು ವರ್ಷದ ಹಿಂದೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕ್ಲಬ್ಬನ್ನು ನಡೆಸುತ್ತಿದ್ದ ಬ್ರಾಂಚ್ ರಿಕಿ ಸಣ್ಣ ಊರುಗಳ ತಂಡಗಳನ್ನು ಕೊಂಡು, ಆಟಗಾರರನ್ನು ಹೊರಗಿನಿಂದ ಖರೀದಿಸುವ ಬದಲು ತಾವೇ ಬೆಳೆಸಲು ಹೊರಟಾಗ ಇದಕ್ಕೆಲ್ಲ ಅಡಿಪಾಯ ಬಿತ್ತು. ಆಟಗಾರರಿಗೂ ಕೋಚ್‌ಗಳಿಗೂ ಸಂಬಳ ಮೇಲಿನ ಕ್ಲಬ್ಬಿನದು. ಮೈದಾನ, ಟಿಕೆಟ್ಟು, ತಿಂಡಿ ಅಂಗಡಿ, ಶುಕ್ರವಾರದ ಪಟಾಕಿ ಊರಿನ ಮಾಲೀಕರದು. ಊರಿನ ಜನಕ್ಕೆ ತಮ್ಮ ತಂಡ ಗೆಲ್ಲಬೇಕು. ಕ್ಲಬ್ಬಿಗೆ ಈ ಹುಡುಗರಲ್ಲಿ ಒಬ್ಬಿಬ್ಬರು ನಾಲ್ಕೈದು ವರ್ಷದ ನಂತರ ಮೇಲೆ ಬಂದು ಆಡಬೇಕು. ಈ ಎರಡು ಆಸೆಗಳ ನಡುವೆ ನಿಂತು ದಿನಾ ಸಂಜೆ ಆಡುವವರು ಹದಿನೆಂಟು, ಹತ್ತೊಂಬತ್ತು, ಇಪ್ಪತ್ತರ ಹುಡುಗರು.

ನನ್ನ ದಿನ ಮಧ್ಯಾಹ್ನ ಶುರುವಾಗುತ್ತಿತ್ತು. ಬ್ಯಾಟರ್ ಹಿಂದೆ, ಪಕ್ಕದಲ್ಲಿ, ದೂರದ ಸೆಂಟರ್‌ಫೀಲ್ಡ್ ಗೋಡೆಯ ಮೇಲೆ ಕ್ಯಾಮೆರಾ ಕಟ್ಟುವುದು. ಎಸೆದ ಚೆಂಡಿನ ವೇಗ, ದಾರಿ ಅಳೆಯುವ ಟ್ರ್ಯಾಕ್‌ಮ್ಯಾನ್ ರಡಾರ್ ಸರಿಯಾಗಿ ಓದುತ್ತಿದೆಯೇ ಅಂತ ನೋಡುವುದು. ಪಿಚರ್‌ಗಳು ಅಭ್ಯಾಸ ಮಾಡುವ ಬುಲ್‌ಪೆನ್‌ಗೆ ಹೋಗಿ ಸೆಕೆಂಡಿಗೆ ಸಾವಿರದಷ್ಟು ಚಿತ್ರ ತೆಗೆಯುವ ಸಣ್ಣ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕುವುದು. ಪಂದ್ಯ ನಡೆಯುವಾಗ ಪ್ರತಿ ಎಸೆತಕ್ಕೂ ಯಾವ ಬಗೆಯದು, ಏನಾಯಿತು ಅಂತ ಗುರುತು ಹಾಕಬೇಕು. ಪಂದ್ಯ ಮುಗಿದ ಮೇಲೆ ಪ್ರತಿ ಆಟಗಾರನ ತುಣುಕುಗಳನ್ನು ಕತ್ತರಿಸಿ ಅವನ ಟ್ಯಾಬ್ಲೆಟ್‌ಗೆ ಸೇರಿಸಬೇಕು. ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯ ಜೊತೆ ಆರು ಪಂದ್ಯ, ಸೋಮವಾರ ರಜೆ. 2021ರಿಂದ ಬಂದ ಈ ಪದ್ಧತಿಯಿಂದ ಬಸ್ ಪ್ರಯಾಣ ಎಷ್ಟೋ ಕಮ್ಮಿಯಾಯಿತು. ಆದರೂ ಮೇರಿಲ್ಯಾಂಡ್‌ನ ಸಾಲ್ಸ್‌ಬರಿಯಿಂದ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ವರೆಗೆ ಹರಡಿದ ಲೀಗ್ ಅದು. ಭಾನುವಾರ ಸಂಜೆ ಬಸ್ ಹತ್ತಿದರೆ ಎಷ್ಟೋ ಸಲ ಇಳಿಯುವಾಗ ಸೋಮವಾರವಾಗಿರುತ್ತಿತ್ತು.

ಎಳೆಯ ಆಟಗಾರನನ್ನು ಬೆಳೆಸುವುದು ಅಂದರೆ ಏನು ಅಂತ ನನಗೆ ಕಲಿಸಿದವನು ಒಬ್ಬ ಎಡಗೈ ಪಿಚರ್. ಕೆರಿಬಿಯನ್‌ನ ಡೊಮಿನಿಕನ್ ಗಣರಾಜ್ಯದವನು, ಹತ್ತೊಂಬತ್ತು ವಯಸ್ಸು. ಹೊರದೇಶದ ಹುಡುಗರು ಹದಿನಾರಕ್ಕೇ ಸಹಿ ಹಾಕಬಹುದು. 30 ಕ್ಲಬ್ಬುಗಳೂ ಆ ದೇಶದಲ್ಲಿ ತರಬೇತಿ ಶಾಲೆ ಇಟ್ಟುಕೊಂಡಿವೆ. ಇವನೂ ಹಾಗೇ ಬಂದವನು. ಗಂಟೆಗೆ 148 ಕಿಲೋಮೀಟರ್ ಆಸುಪಾಸಿನ ಫಾಸ್ಟ್‌ಬಾಲ್, ಕೊನೆಯಲ್ಲಿ ಪಕ್ಕಕ್ಕೆ ಜಾರುವ ಒಳ್ಳೆಯ ಸ್ಲೈಡರ್. ಅವೆರಡರಿಂದಲೇ ಸಿಂಗಲ್-ಎ ಬ್ಯಾಟರ್‌ಗಳನ್ನು ಔಟ್ ಮಾಡುತ್ತಿದ್ದ. ಆದರೆ ಬಲಗೈ ಬ್ಯಾಟರ್‌ಗಳನ್ನು ಮೇಲಿನ ಹಂತಗಳಲ್ಲಿ ತಡೆಯಬೇಕಾದರೆ ಎಡಗೈಯವನಿಗೆ ಚೇಂಜಪ್ ಬೇಕೇ ಬೇಕು. ಅದು ಅವನ ಹತ್ತಿರ ಇರಲಿಲ್ಲ.

ಚೇಂಜಪ್ ಅಂದರೆ ನಮ್ಮ ವೆಂಕಟೇಶ್ ಪ್ರಸಾದ್ ಎಸೆಯುತ್ತಿದ್ದ ನಿಧಾನದ ಚೆಂಡನ್ನು ನೆನೆಸಿಕೊಳ್ಳಿ. ಓಟ ಅದೇ, ತೋಳಿನ ವೇಗ ಅದೇ, ಚೆಂಡು ಮಾತ್ರ ತಡವಾಗಿ ಬರುತ್ತದೆ. ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ತಾಗಿ ಏಳುವುದಿಲ್ಲ, ದೂರ 18.44 ಮೀಟರ್ ಮಾತ್ರ. ಹಾಗಾಗಿ ಬ್ಯಾಟರ್ ಮೋಸ ಹೋಗಬೇಕಾದ್ದು ಪೂರ್ತಿ ಗಾಳಿಯಲ್ಲೇ. ನಮ್ಮ ಹುಡುಗನ ಚೇಂಜಪ್ 141 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿತ್ತು. ಫಾಸ್ಟ್‌ಬಾಲ್‌ಗೂ ಅದಕ್ಕೂ ಅಂತರವೇ ಇಲ್ಲ. ನಿಧಾನ ಮಾಡು ಅಂದರೆ ತೋಳನ್ನೇ ನಿಧಾನ ಮಾಡುತ್ತಿದ್ದ. ಆಗ ಚೆಂಡು ಕೈ ಬಿಡುವ ಜಾಗ ಒಂದು ಅಂಗೈಯಷ್ಟು ಕೆಳಗಿಳಿಯುತ್ತಿತ್ತು, ಬ್ಯಾಟರ್‌ಗೆ ಮೊದಲೇ ಗೊತ್ತಾಗಿಬಿಡುತ್ತಿತ್ತು. ರಡಾರ್ ಕೊಟ್ಟ ಚುಕ್ಕೆಗಳನ್ನು ನಾನು ಪರದೆಯ ಮೇಲೆ ಹಾಕಿದಾಗ ಫಾಸ್ಟ್‌ಬಾಲ್‌ದು ಒಂದು ಗುಂಪು, ಚೇಂಜಪ್‌ದು ಅದರ ಕೆಳಗೆ ಇನ್ನೊಂದು ಗುಂಪು. ಅವನು ಅದನ್ನು ಬಹಳ ಹೊತ್ತು ನೋಡಿದ. ಇಂಗ್ಲಿಷ್ ಬೇಕಾಗಲಿಲ್ಲ.

ಆಮೇಲೆ ಶುರುವಾದದ್ದು ತಾಳ್ಮೆಯ ಕೆಲಸ. ಕೋಚ್ ಚೆಂಡನ್ನು ಬೆರಳ ತುದಿಯಿಂದ ಅಂಗೈ ಕಡೆಗೆ ಒಳಗೆ ತಳ್ಳಿಸಿದರು. ಹೆಬ್ಬೆರಳು ತೋರುಬೆರಳು ಪಕ್ಕದಲ್ಲಿ ಉಂಗುರದ ಹಾಗೆ ಸೇರಬೇಕು, ಭಾರ ನಡುಬೆರಳು ಉಂಗುರಬೆರಳ ಮೇಲೆ ಬೀಳಬೇಕು. ವೇಗ ಕೊಡುವ ಬೆರಳುಗಳನ್ನು ಚೆಂಡಿನ ಹಿಂದಿನಿಂದ ತೆಗೆದರೆ ತೋಳು ಪೂರ್ತಿ ಬಲದಲ್ಲಿ ಬಂದರೂ ಚೆಂಡು ತಾನಾಗಿ ನಿಧಾನವಾಗುತ್ತದೆ. ದಿನಾ ಮಧ್ಯಾಹ್ನ ಕೈ ಬಿಸಿ ಮಾಡಿಕೊಳ್ಳುವಾಗ, ದೂರದಿಂದ ದೂರಕ್ಕೆ ಎಸೆಯುವಾಗ, ಎಲ್ಲ ಅದೇ ಹಿಡಿತದಲ್ಲಿ. ಆರು ದಿನಕ್ಕೊಮ್ಮೆ ಪಂದ್ಯ, ನಡುವೆ ಒಂದು ಬುಲ್‌ಪೆನ್ ಅಭ್ಯಾಸ. ಆ ಅಭ್ಯಾಸದಲ್ಲಿ ನನ್ನ ಕ್ಯಾಮೆರಾ ಕೊನೆಗೆ ಚೆಂಡು ಬಿಡುವ ಬೆರಳು ಯಾವುದು ಅಂತ ತೋರಿಸುತ್ತಿತ್ತು. ಒಂದು ಎಸೆತ, ಟ್ಯಾಬ್ಲೆಟ್ ನೋಡುವುದು, ಕೋಚ್ ಸ್ಪ್ಯಾನಿಷ್‌ನಲ್ಲಿ ಎರಡು ಮಾತು, ಮತ್ತೊಂದು ಎಸೆತ.

ಪಂದ್ಯದಲ್ಲಿ ಅವನಿಗೆ ಕೊಟ್ಟ ಕಟ್ಟಳೆ ಇನ್ನೂ ಕಷ್ಟದ್ದು. ಐದರಲ್ಲಿ ಒಂದು ಎಸೆತವಾದರೂ ಚೇಂಜಪ್ ಆಗಿರಬೇಕು, ಸ್ಕೋರ್ ಏನೇ ಇರಲಿ, ರನ್‌ಗೆ ಓಡಲು ಕಾದು ಬೇಸ್‌ಗಳ ಮೇಲೆ ಯಾರೇ ನಿಂತಿರಲಿ. ಸ್ಲೈಡರ್ ಹಾಕಿದರೆ ಔಟ್ ಅಂತ ಅವನಿಗೂ ಗೊತ್ತು, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ, ಯಾವ ಎಸೆತ ಬೇಕು ಅಂತ ಬೆರಳಲ್ಲಿ ಸನ್ನೆ ಮಾಡುವ ಕ್ಯಾಚರ್‌ಗೂ ಗೊತ್ತು. ಆದರೂ ಕ್ಯಾಚರ್ ನಾಲ್ಕು ಬೆರಳು ಅಲ್ಲಾಡಿಸಿ ಚೇಂಜಪ್ ಕೇಳುತ್ತಿದ್ದ. ಜೂನ್, ಜುಲೈ ಎರಡೂ ತಿಂಗಳು ಅವನನ್ನು ಬ್ಯಾಟರ್‌ಗಳು ಚಚ್ಚಿದರು. ಒಂದು ರಾತ್ರಿ ಫೇಯೆಟ್‌ವಿಲ್‌ನಲ್ಲಿ ಕೆಳಗಿಳಿಯದೆ ಮೇಲೇ ನಿಂತ ಚೇಂಜಪ್ ಒಂದು ಗೋಡೆ ದಾಟಿ ಹೋದಾಗ ಆಟಗಾರರು ಕೂರುವ ಡಗೌಟ್‌ನಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಕೋಚ್ ಕೇಳಿದ್ದು ಇಷ್ಟೇ, ತೋಳು ಪೂರ್ತಿ ಬಂತಾ? ಬಂತು ಅಂದ. ನಾನು ಚುಕ್ಕೆ ನೋಡಿದೆ, ನಿಜವಾಗಿಯೂ ಬಂದಿತ್ತು. ಆ ರಾತ್ರಿಯ ವರದಿಯಲ್ಲಿ ಆ ಹೋಮ್ ರನ್ ಒಂದು ಒಳ್ಳೆಯ ಸುದ್ದಿಯಾಗಿ ಮೇಲೆ ಹೋಯಿತು.

ಇದು ನೋಡಲು ಸುಲಭವಲ್ಲ. ಅಂಕಿಪಟ್ಟಿಯಲ್ಲಿ ಆ ಹುಡುಗನ ಹೆಸರಿನ ಮುಂದೆ ಕೆಟ್ಟ ಸಂಖ್ಯೆ ನಿಲ್ಲುತ್ತದೆ. ಊರಲ್ಲಿ ಅವನ ತಮ್ಮಂದಿರು, ಚಿಕ್ಕಪ್ಪಂದಿರು ಅದನ್ನು ಫೋನಿನಲ್ಲಿ ನೋಡುತ್ತಾರೆ, ಏನಾಯಿತು ಅಂತ ಕೇಳುತ್ತಾರೆ. ಕಲಿಯುವುದಕ್ಕಾಗಿ ಎಲ್ಲರ ಕಣ್ಣೆದುರು ಸೋಲಬೇಕಾದ ಹುಡುಗನಿಗೆ ಅವನ ಹಿಂದೆ ನಿಂತ ದೊಡ್ಡವರು ಅಲುಗಾಡಬಾರದು. ನಮ್ಮ ಕೋಚ್ ಅಲುಗಾಡಲಿಲ್ಲ. ಅವರ ಬಗ್ಗೆ ನನಗಿರುವ ಗೌರವಕ್ಕೆ ಅದೇ ಕಾರಣ.

ಇಷ್ಟೆಲ್ಲ ಹೇಳಿದ ಮೇಲೆ ನಾನು ನಿಜಕ್ಕೂ ಹೇಳಬೇಕಾದ ಮಾತಿಗೆ ಬರುತ್ತೇನೆ. ಕ್ಯಾಮೆರಾ, ರಡಾರ್ ನನ್ನ ಅನ್ನ. ಅವುಗಳ ಮೇಲೆ ನನಗೆ ಪ್ರೀತಿ ಇದೆ. ಆದರೆ ನಾನು ಅಲ್ಲಿದ್ದ ವರ್ಷಗಳಲ್ಲಿ ಆ ಹುಡುಗರ ಆಟವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಯಾವ ಯಂತ್ರವೂ ಅಲ್ಲ. ಒಂದು ಮಂಚ ಮತ್ತು ಹೊತ್ತಿಗೆ ಸರಿಯಾದ ಊಟ.

2021ರಲ್ಲಿ ಸಿಂಗಲ್-ಎ ಆಟಗಾರನ ಕನಿಷ್ಠ ಸಂಬಳ ವಾರಕ್ಕೆ 500 ಡಾಲರ್. ಅದಕ್ಕೆ ಮುಂಚೆ 290 ಇತ್ತು. ಅದೂ ಪಂದ್ಯಗಳು ನಡೆಯುವ ತಿಂಗಳುಗಳಲ್ಲಿ ಮಾತ್ರ. ಮನೆ ಬಾಡಿಗೆ ಅವರೇ ಕಟ್ಟಬೇಕು. ಹಿಂದೆ ಊರಿನ ಕುಟುಂಬಗಳು ಒಬ್ಬಿಬ್ಬರು ಆಟಗಾರರನ್ನು ಮನೆಯಲ್ಲಿಟ್ಟುಕೊಳ್ಳುವ ರೂಢಿಯಿತ್ತು. ಕೋವಿಡ್ ನಿಯಮಗಳಿಂದ ಆ ವರ್ಷ ಅದೂ ನಿಂತಿತ್ತು. ತಿಂಗಳ ಲೆಕ್ಕದಲ್ಲಿ ಮನೆ ಕೊಡುವವರಿಲ್ಲ, ಯಾಕೆಂದರೆ ನಾಳೆ ಯಾರನ್ನು ಮೇಲೆ ಕಳಿಸುತ್ತಾರೆ, ಯಾರನ್ನು ಬಿಟ್ಟುಬಿಡುತ್ತಾರೆ ಗೊತ್ತಿಲ್ಲ. ಎರಡು ಕೋಣೆಯ ಮನೆಯಲ್ಲಿ ಆರೇಳು ಜನ, ಗಾಳಿ ತುಂಬುವ ಹಾಸಿಗೆ, ಅದು ಬೆಳಗಿನ ಜಾವಕ್ಕೆ ನೆಲಕ್ಕೆ ಅಂಟಿರುತ್ತಿತ್ತು. ಪಂದ್ಯ ಮುಗಿದು ಹೊರಬರುವಾಗ ರಾತ್ರಿ ಹನ್ನೊಂದು. ಆಗ ತೆರೆದಿರುವುದು ಹೆದ್ದಾರಿ ಪಕ್ಕದ ಬರ್ಗರ್ ಅಂಗಡಿ ಮಾತ್ರ, ಅದಕ್ಕೂ ಕಾರಿರುವ ಒಬ್ಬನನ್ನು ಕಾಯಬೇಕು.

ಫೋನಿನಲ್ಲಿ ಅಮ್ಮನಿಗೆ ಕೆಲಸದ ವಿಷಯ ಹೇಳುತ್ತಿದ್ದೆ. ರಡಾರ್ ಬಗ್ಗೆ, ಚೆಂಡು ತಿರುಗುವ ವೇಗದ ಬಗ್ಗೆ ಎಲ್ಲ ಕೇಳಿಸಿಕೊಂಡು ಅಮ್ಮ ಕೇಳಿದ್ದು, "ಅದೆಲ್ಲ ಸರಿ ಕಣೇ, ಆ ಹುಡುಗ್ರು ರಾತ್ರಿ ಊಟಕ್ಕೇನ್ ಮಾಡ್ತಾರೆ?" ನಮ್ಮ ಇಡೀ ವಿಭಾಗದಲ್ಲಿ ಅಷ್ಟು ನೇರವಾಗಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸೋಮವಾರಗಳಲ್ಲಿ ನಾನೂ ನನ್ನ ರೂಮ್‌ಮೇಟೂ ದೊಡ್ಡ ಕುಕ್ಕರ್‌ನಲ್ಲಿ ಅನ್ನ, ಕೋಳಿ ಸಾರು ಮಾಡಿ ಆ ಮನೆಗೆ ಕಳಿಸತೊಡಗಿದೆವು. ಡೊಮಿನಿಕನ್ನರ ದಿನದ ಊಟವೂ ಅನ್ನ, ಬೀನ್ಸ್, ಮಾಂಸವೇ. ಖಾರ ಕಮ್ಮಿ ಮಾಡಿದರೆ ಸಾಕು, ಪಾತ್ರೆ ತೊಳೆದಂತೆ ವಾಪಸ್ ಬರುತ್ತಿತ್ತು.

ಆ ಆಗಸ್ಟ್‌ನಲ್ಲಿ ರಡಾರ್ ಅಂಕಿಗಳಲ್ಲಿ ಒಂದು ಇಳಿಜಾರು ಕಾಣಿಸಿತು. ಎಡಗೈ ಹುಡುಗನ ಫಾಸ್ಟ್‌ಬಾಲ್ ಮೂರು ಕಿಲೋಮೀಟರ್ ನಿಧಾನವಾಗಿತ್ತು. ಅವನೊಬ್ಬನದೇ ಅಲ್ಲ, ಆ ಮನೆಯಲ್ಲಿದ್ದ ಪಿಚರ್‌ಗಳೆಲ್ಲರದೂ ಇಳಿದಿತ್ತು. ಮೇಲಿನಿಂದ ಬಂದ ತಜ್ಞರು ಕಾಲಿಡುವ ರೀತಿ, ಭುಜದ ಕೋನ ಎಲ್ಲ ನೋಡಿದರು. ದೇಹದ ತರಬೇತಿ ನೋಡಿಕೊಳ್ಳುವವರು ತೂಕದ ಪಟ್ಟಿ ತೆಗೆದು ನನ್ನ ಗ್ರಾಫಿನ ಪಕ್ಕ ಇಟ್ಟರು. ತೂಕವೂ ವೇಗವೂ ಜೊತೆಜೊತೆಯಾಗಿ ಇಳಿದಿದ್ದವು. ಹೊಟ್ಟೆಗೆ ಸಾಲದೆ, ನಿದ್ದೆ ಇಲ್ಲದೆ ದಣಿದ ತೋಳಿಗೆ ಹೊಸ ಹಿಡಿತ ಕಲಿಸಲು ಹೊರಟಿದ್ದೆವು ನಾವು. ದಣಿದ ತೋಳಿನಲ್ಲಿ ಎಸೆದರೆ ಮೊಣಕೈಯ ಒಳಗಿನ ಅಸ್ಥಿರಜ್ಜಿಗೆ, ಎಲುಬುಗಳನ್ನು ಹಿಡಿದಿಡುವ ಪಟ್ಟಿಗೆ, ಅಪಾಯ. ಅದು ಹರಿದರೆ 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ, ಆ ರೋಗಿಯ ಹೆಸರಿನಿಂದಲೇ ಟಾಮಿ ಜಾನ್ ಅಂತ ಕರೆಯುವ ಶಸ್ತ್ರಚಿಕಿತ್ಸೆ ಬೇಕು, ಮತ್ತೆ ಆಡಲು ಒಂದು ವರ್ಷಕ್ಕಿಂತ ಹೆಚ್ಚು ಕಾಯಬೇಕು. ಒಂದು ಪಂದ್ಯಕ್ಕೆ ಎಪ್ಪತ್ತೈದು ಎಂಬತ್ತು ಎಸೆತ ಅಂತ ಮಿತಿ ಹಾಕುವವರು ಅವನು ಎಲ್ಲಿ ಮಲಗುತ್ತಾನೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇದು ನನ್ನನ್ನು ಇವತ್ತಿಗೂ ಕೆಣಕುತ್ತದೆ.

ಆ ವರ್ಷ ಅನೇಕ ಆಟಗಾರರು ಬಾಯಿಬಿಟ್ಟು ಮಾತಾಡಿದರು. ನವೆಂಬರ್‌ನಲ್ಲಿ ಮೇಜರ್ ಲೀಗ್ ಹೊಸ ನಿಯಮ ಪ್ರಕಟಿಸಿತು. 2022ರಿಂದ ಕ್ಲಬ್ಬುಗಳೇ ಮನೆ ಕೊಡಬೇಕು, ಸಾಮಾನು ಸಮೇತ, ಒಬ್ಬನಿಗೊಂದು ಮಂಚ, ಒಂದು ಕೋಣೆಗೆ ಇಬ್ಬರಿಗಿಂತ ಹೆಚ್ಚಿಲ್ಲ, ಕರೆಂಟು ನೀರಿನ ಬಿಲ್ಲೂ ಕ್ಲಬ್ಬಿನದೇ. ಏಪ್ರಿಲ್‌ನಲ್ಲಿ ಹುಡುಗರು ಆ ಅಪಾರ್ಟ್‌ಮೆಂಟಿಗೆ ಬಂದಿಳಿದಾಗ ಎಡಗೈಯವನು ತನ್ನ ಮಂಚದ ಫೋಟೊ ತೆಗೆದು ಅವನ ಅಮ್ಮನಿಗೆ ಕಳಿಸಿದ. ಅಡುಗೆಮನೆ ಇತ್ತು; ತಾವೇ ಅನ್ನ ಮಾಡಿಕೊಳ್ಳತೊಡಗಿದರು. ಆ ಸಲ ಆಗಸ್ಟ್‌ನ ಗ್ರಾಫಿನಲ್ಲಿ ಹಿಂದಿನ ವರ್ಷದ ಇಳಿಜಾರು ಕಾಣಲಿಲ್ಲ. ಒಂದು ತಂಡದ ಎರಡು ವರ್ಷದ ಲೆಕ್ಕದಿಂದ ಶಾಸ್ತ್ರ ಹೇಳಲಾಗದು ಅಂತ ಸಂಖ್ಯಾಶಾಸ್ತ್ರ ಓದಿದ ನನಗೆ ಗೊತ್ತು. ನಾನು ಕಂಡದ್ದನ್ನು ಹೇಳುತ್ತಿದ್ದೇನೆ.

ಚೇಂಜಪ್ ಕೂಡ ಅದೇ ಬೇಸಿಗೆಯಲ್ಲಿ ಕೈಗೆ ಬಂತು. ಪಿಚರ್‌ಗಳಿಗೆ ಗಡಿಯಾರ ಇಟ್ಟ ವರ್ಷ ಅದು. ಬೇಸ್ ಖಾಲಿಯಿದ್ದರೆ 14 ಸೆಕೆಂಡಿನೊಳಗೆ ಎಸೆಯಬೇಕು. ಯೋಚಿಸಲು ಹೊತ್ತಿಲ್ಲದೆ ಹೋದದ್ದು ಅವನಿಗೆ ಒಳ್ಳೆಯದೇ ಆಯಿತೇನೋ. ವೇಗ 134ಕ್ಕೆ ಇಳಿಯಿತು, ಎರಡು ಚುಕ್ಕೆಗುಂಪುಗಳು ಒಂದರ ಮೇಲೊಂದು ಬಂದು ಕೂತವು. ಮರ್ಟಲ್ ಬೀಚ್‌ನಲ್ಲಿ ಒಬ್ಬ ದೊಡ್ಡ ಬ್ಯಾಟರ್ ಅವನ ಚೇಂಜಪ್‌ಗೆ ಎಷ್ಟು ಮೊದಲೇ ಬ್ಯಾಟ್ ಬೀಸಿದನೆಂದರೆ ಹೆಲ್ಮೆಟ್ ಕೆಳಗೆ ಬಿತ್ತು. ಸ್ವಲ್ಪ ದಿನಕ್ಕೆ ಮ್ಯಾನೇಜರ್ ಅವನನ್ನು ಕೋಣೆಗೆ ಕರೆದು ಹೈ-ಎ ತಂಡಕ್ಕೆ ಹೊರಡು ಅಂದರು. ಡಗೌಟ್‌ನಲ್ಲಿ ಎಲ್ಲರೂ ಅವನನ್ನು ಎತ್ತಿ ಕುಣಿದರು. ಅವನ ಚೇಂಜಪ್‌ಗಳಿಗಾಗಿ ಎರಡು ಬೇಸಿಗೆ ಮೊಣಕಾಲೂರಿ ಕೂತಿದ್ದ ಕ್ಯಾಚರ್ ಎಲ್ಲರಿಗಿಂತ ಜೋರಾಗಿ ಕುಣಿದ.

ಊರಿನಿಂದ ಫೋನ್ ಮಾಡುವವರು ಕೇಳುತ್ತಿದ್ದರು, ನಮ್ಮವರು ಯಾರೂ ಇಲ್ಲವಾ ಅಂತ. ಇದ್ದರು. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಕ್ಲಬ್ಬು ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಎಸೆತಗಾರರಿಗೆ ಸಹಿ ಹಾಕಿಸಿತು: ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಕ್ರಿಕೆಟಿಗ ರಿಂಕು ಸಿಂಗ್ ಬೇರೆ. ಒಂದು ಟಿವಿ ಸ್ಪರ್ಧೆಯಿಂದ ಆಯ್ಕೆಯಾಗಿ ಅಮೆರಿಕಕ್ಕೆ ಹೋದ ಈ ಇಬ್ಬರಿಗೆ ಅದಕ್ಕೆ ಮುಂಚೆ ಬೇಸ್‌ಬಾಲ್ ಗೊತ್ತೇ ಇರಲಿಲ್ಲ. ದಿನೇಶ್ ಬೇಗ ಮರಳಿದರು. ರಿಂಕು ಸಿಂಗಲ್-ಎ ತನಕ ಏರಿದರು, ಆಮೇಲೆ ಗಾಯಗಳು ತಡೆದವು. ಡೊಮಿನಿಕನ್ ಹುಡುಗರು ನಡೆಯಲು ಕಲಿತಾಗಿನಿಂದ ಆಡುವ ಆಟವನ್ನು ಇಪ್ಪತ್ತರ ಅಂಚಿನಲ್ಲಿ ಶುರುಮಾಡಿ ಆ ಮೆಟ್ಟಿಲು ಮುಟ್ಟುವುದು ಎಷ್ಟು ದೊಡ್ಡದು ಅಂತ ನನಗೆ ಆ ಬುಲ್‌ಪೆನ್ ಪಕ್ಕ ನಿಂತ ಮೇಲೆ ತಿಳಿಯಿತು.

2022ರ ಸೆಪ್ಟೆಂಬರ್‌ನಲ್ಲಿ ಮೈನರ್ ಲೀಗ್ ಆಟಗಾರರು ಮೇಜರ್ ಲೀಗ್ ಆಟಗಾರರ ಸಂಘಕ್ಕೆ ಸೇರಿದರು. 2023ರ ಮಾರ್ಚ್ ಕೊನೆಗೆ ಅವರ ಮೊಟ್ಟಮೊದಲ ಒಪ್ಪಂದವಾಯಿತು. ಸಿಂಗಲ್-ಎ ಸಂಬಳ ವರ್ಷಕ್ಕೆ ಸುಮಾರು 11,000 ಡಾಲರ್‌ನಿಂದ 26,200ಕ್ಕೆ ಏರಿತು, ಟ್ರಿಪಲ್-ಎ 35,800ಕ್ಕೆ. ಚಳಿಗಾಲದಲ್ಲೂ ದುಡ್ಡು ಬರುತ್ತದೆ. ಇದರ ಬೆಲೆ ನನಗೆ ಕಂಡದ್ದು ಹುಡುಗರು ಮುಂದಿನ ಚಳಿಗಾಲ ಕಳೆದ ರೀತಿಯಲ್ಲಿ. ಹಿಂದೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ, ಊಟ ತಲುಪಿಸುತ್ತಿದ್ದ ಅಮೆರಿಕನ್ ಹುಡುಗರು ಆ ತಿಂಗಳುಗಳಲ್ಲಿ ಅಭ್ಯಾಸ ಮಾಡತೊಡಗಿದರು.

ಅದೇ ಒಪ್ಪಂದದಲ್ಲಿ ಇನ್ನೊಂದು ಸಾಲಿತ್ತು. ಒಂದು ಕ್ಲಬ್ಬು ಅಮೆರಿಕದಲ್ಲಿ ಇಟ್ಟುಕೊಳ್ಳಬಹುದಾದ ಮೈನರ್ ಲೀಗ್ ಆಟಗಾರರ ಮಿತಿ 180ರಿಂದ 165ಕ್ಕೆ ಇಳಿಯಿತು, 2024ರಿಂದ. 30 ಕ್ಲಬ್ಬುಗಳ ಲೆಕ್ಕ ಹಾಕಿದರೆ 450 ಜಾಗ. 2024ರ ಮಾರ್ಚ್‌ನಲ್ಲಿ ನಮ್ಮ ಕ್ಯಾಚರ್‌ನನ್ನು ಬಿಟ್ಟುಬಿಟ್ಟರು. ಅಷ್ಟರಲ್ಲಿ ನಾನು ಆ ಕೆಲಸ ಬಿಟ್ಟಿದ್ದೆ. ವಾಟ್ಸ್‌ಆ್ಯಪ್‌ನಲ್ಲಿ ಅವನೇ ತಿಳಿಸಿದ. ಅವನಿಗೆ ಇಪ್ಪತ್ತೆರಡು. ಯಾವ ಅಂಕಿಪಟ್ಟಿಯಲ್ಲೂ ಅವನ ಕೆಲಸ ಕಾಣುವುದಿಲ್ಲ, ಆದರೆ ಆ ಎಡಗೈಯವನ ಚೇಂಜಪ್‌ನಲ್ಲಿ ಅರ್ಧ ಅವನದು. ಈಗ ಡೊಮಿನಿಕನ್ ರಾಜಧಾನಿ ಸಾಂಟೊ ಡೊಮಿಂಗೊ ಹತ್ತಿರ ಚಿಕ್ಕ ಮಕ್ಕಳಿಗೆ ಚೆಂಡು ಹಿಡಿಯುವುದನ್ನು ಕಲಿಸುತ್ತಾನೆ. ಎಡಗೈಯವನು ಡಬಲ್-ಎ ಮುಟ್ಟಿದ್ದಾನೆ, ಅಲ್ಲಿ ಅವನಿಗೆ ಸ್ವಂತ ಕೋಣೆ ಇದೆ.

ಕ್ಯಾಚರ್ ಕಲಿಸುವ ಮಕ್ಕಳಲ್ಲಿ ಕೆಲವರು ಹದಿನಾರಕ್ಕೆ ಸಹಿ ಹಾಕಿ ಡೊಮಿನಿಕನ್ ಸಮ್ಮರ್ ಲೀಗ್‌ಗೆ ಹೋಗುತ್ತಾರೆ. ಎಲ್ಲರಿಗಿಂತ ಚಿಕ್ಕವರು, ಹೊಟ್ಟೆಗೂ ನಿದ್ದೆಗೂ ಎಲ್ಲರಿಗಿಂತ ಹೆಚ್ಚು ಬೇಕಾದ ವಯಸ್ಸಿನವರು ಅವರೇ. 2023ರ ಒಪ್ಪಂದ ಅವರಿಗೆ ಅನ್ವಯಿಸುವುದಿಲ್ಲ. ಅದರ ಅವಧಿ ಐದು ವರ್ಷ, 2027ರ ಋತುವಿನವರೆಗೆ. ಮತ್ತೆ ಮಾತುಕತೆಗೆ ಕೂರುವವರು ಮೊದಲು ಆ ಹುಡುಗರ ಹೆಸರನ್ನು ಅದರೊಳಗೆ ಬರೆಯಬೇಕು. ನನ್ನ ಪರಿಚಯದ ಆಟಗಾರರು, ಕೋಚ್‌ಗಳು ಸಿಕ್ಕಾಗೆಲ್ಲ ನಾನು ಇದನ್ನೇ ಕೇಳುತ್ತಿದ್ದೇನೆ.